ಪಿಜಿ ಬಿಟ್ಟು ಒಬ್ಬಳೇ ಬಾಡಿಗೆ ಮನೆ ಮಾಡ್ಬೇಕು, ಕೈಲಿರೋದು 1.4 ಲಕ್ಷ: ಸಾಕಾಗತ್ತಾ?

ಪ್ರಶ್ನೆ: ಮೇಡಂ ನಮಸ್ತೆ. ನನ್ಗೆ 26 ವರ್ಷ, ಊರು ಅರಸೀಕೆರೆ ಹತ್ರ. ರಾಜಾಜಿನಗರದಲ್ಲಿ ಒಂದು ಲ್ಯಾಬಲ್ಲಿ ಕೆಲ್ಸ, ಕೈಗೆ 41,000 ಬರತ್ತೆ. ಈಗಿರೋ ಪಿಜಿಗೆ ಊಟ ಸೇರಿ 10,500. ಮನೆಗೆ 8,000 ಕಳಿಸ್ತೀನಿ, ಎಜುಕೇಶನ್ ಲೋನ್ ಇಎಂಐ 4,500. ಮೂವರು ಒಂದೇ ರೂಮಲ್ಲಿ ಇದ್ದು ಸಾಕಾಗಿದೆ, ನೈಟ್ ಶಿಫ್ಟ್ ಮುಗಿಸಿ ಬಂದ್ರೆ ನಿದ್ದೆ ಮಾಡೋಕೂ ಆಗಲ್ಲ. ನಾಗರಭಾವಿಲಿ ಒಂದು 1 ಬಿಎಚ್‌ಕೆ ನೋಡಿದೀನಿ, ಬಾಡಿಗೆ 14,000, ಅಡ್ವಾನ್ಸ್ ಹತ್ತು ತಿಂಗಳದ್ದು ಅಂದ್ರೆ 1,40,000 ಕೇಳ್ತಿದಾರೆ, ನನ್ನ ಹತ್ರ ಇರೋ ಸೇವಿಂಗ್ಸೂ ಕರೆಕ್ಟಾಗಿ ಅಷ್ಟೇ. ಸೋದರಮಾವ ಹೇಳ್ತಾರೆ ಬಾಡಿಗೆ ಕಟ್ಟೋದು ವೇಸ್ಟ್, 9 ಲಕ್ಷ ಒಟ್ಟಿಗೆ ಕೊಟ್ಟು ಲೀಸ್ ಹಾಕ್ಕೋ, ತಿಂಗಳ ಬಾಡಿಗೆ ಇರಲ್ಲ, ಬಿಡೋವಾಗ ದುಡ್ಡು ವಾಪಸ್, 5 ಲಕ್ಷ ನಾನು ಕೊಡ್ತೀನಿ ಉಳಿದಿದ್ದಕ್ಕೆ ಪರ್ಸನಲ್ ಲೋನ್ ತಗೋ ಅಂತ. ಫ್ರೆಂಡ್ ಹೇಳ್ತಾಳೆ ಸಾಮಾನೆಲ್ಲಾ ನೋ ಕಾಸ್ಟ್ ಇಎಂಐಲಿ ತಗೊಂಡ್ರೆ ಒಂದು ರೂಪಾಯಿನೂ ಜಾಸ್ತಿ ಆಗಲ್ಲ ಅಂತ. ಅಮ್ಮಂಗೆ ಒಂಟಿ ಹುಡ್ಗಿಗೆ ಯಾರು ಮನೆ ಕೊಡ್ತಾರೆ, ಅರ್ಧ ರಾತ್ರಿಲಿ ಹೊರಗೆ ಹಾಕಿದ್ರೆ ಏನ್ಮಾಡ್ತೀಯಾ ಅನ್ನೋ ಭಯ. ಏನ್ಮಾಡ್ಲಿ?

ಉತ್ತರ: ನಮಸ್ತೆ. ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು 1,40,000 ಅನ್ನೋ ನಂಬರ್ ಎರಡು ಸಲ ಬಂದಿರೋದು, ಓನರ್ ಕೇಳೋದೂ ಅಷ್ಟೇ ನಿಮ್ಮ ಹತ್ರ ಇರೋದೂ ಅಷ್ಟೇ, ಹಾಗಾಗಿ ಹೆಂಗೋ ಸರಿಹೋಯ್ತು ಅಂತ ಮನಸ್ಸಿಗೆ ಅನ್ನಿಸ್ಬಿಡತ್ತೆ. ನಾನು ಈ ಸಲಹೆ ಕೊಡೋ ಕೆಲ್ಸಕ್ಕೆ ಬರೋಕ್ ಮುಂಚೆ ಬ್ಯಾಂಕಲ್ಲಿ ಪರ್ಸನಲ್ ಲೋನ್ ವಿಭಾಗದಲ್ಲಿ ಕೂತಿದ್ದವಳು. ಅಲ್ಲಿಗೆ ಬರ್ತಿದ್ದ ಚಿಕ್ಕ ವಯಸ್ಸಿನವರಲ್ಲಿ ತುಂಬಾ ಜನರ ಕಥೆ ಇದೇ, ಇದ್ದಿದ್ದೆಲ್ಲಾ ಅಡ್ವಾನ್ಸಿಗೆ ಸುರಿದು, ಗ್ಯಾಸ್ ಒಲೆ ತಗೊಳ್ಳೋಕೆ ಸಾಲಕ್ಕೆ ಅರ್ಜಿ ಹಾಕಿರ್ತಿದ್ರು.

ಮೊದ್ಲು ಒಳಗೆ ಹೋಗೋ ಖರ್ಚು ನೋಡೋಣ. ಅಡ್ವಾನ್ಸ್ 1,40,000, ಮೊದಲ ತಿಂಗಳ ಬಾಡಿಗೆ 14,000, ಬ್ರೋಕರ್ ಇದ್ರೆ ಬೆಂಗಳೂರಲ್ಲಿ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಅಂದ್ರೆ ಇನ್ನೊಂದು 14,000, ಸಾಮಾನು ಸಾಗಿಸೋಕೆ 3,000, ಮೊದಲ ವಾರಕ್ಕೆ ಬೇಕೇಬೇಕಾದ ಸಾಮಾನಿಗೆ ಎಷ್ಟೇ ಬಿಗಿ ಹಿಡಿದ್ರೂ 20,000. ಒಟ್ಟು 1,91,000. ಅಂದ್ರೆ ಬೀಗದ ಕೈ ತಗೊಳ್ಳೋ ದಿನವೇ ನೀವು 51,000 ಸಾಲದಲ್ಲಿರ್ತೀರಿ.

ಆದ್ರೆ ನನ್ಗೆ ಅದಕ್ಕಿಂತ ಚಿಂತೆ ಆಗಿದ್ದು ತಿಂಗಳ ಲೆಕ್ಕ ನೋಡಿ. 41,000ದಲ್ಲಿ ಮನೆಗೆ 8,000, ಇಎಂಐ 4,500 ಹೋದ್ರೆ ಉಳಿಯೋದು 28,500. ಈಗ ಪಿಜಿಗೆ 10,500, ಬಟ್ಟೆ ಫೋನ್ ತಿರುಗಾಟ ಅಂತ ಒಂದು 6,000 ಹಿಡಿದ್ರೂ ತಿಂಗಳಿಗೆ 12,000 ಉಳಿಸ್ತಿದೀರಿ, ಈ ಸಂಬಳದಲ್ಲಿ ಅದು ಸಣ್ಣ ಮಾತಲ್ಲ. ಈಗ ಆ ಮನೆಗೆ ಹೋದ್ರಿ ಅಂದ್ಕೊಳ್ಳಿ: ಬಾಡಿಗೆ 14,000, ನೀರು ಮೇಂಟೆನೆನ್ಸ್ 800, ಕರೆಂಟ್ 300, ವೈಫೈ 600, ಗ್ಯಾಸ್ 450, ದಿನಸಿ ತರಕಾರಿ ಹಾಲು 5,000, ಒಂದು ತಿಂಗಳು ನಲ್ಲಿ ಹೋಯ್ತು ಇನ್ನೊಂದು ತಿಂಗಳು ಬಲ್ಬ್ ಹೋಯ್ತು ಅಂತ 500. ಹತ್ರ ಹತ್ರ 22,000. ನಿಮ್ಮ 6,000 ಕಳೆದ್ರೆ ಉಳಿಯೋದು 500 ರೂಪಾಯಿ, ಅಷ್ಟೇ. ಊರಲ್ಲಿ ಅಪ್ಪಂಗೆ ಹುಷಾರಿಲ್ಲ ಅಂತ ಒಂದ್ಸಲ ಅರಸೀಕೆರೆಗೆ ಓಡ್ಬೇಕಾದ್ರೆ ಕ್ರೆಡಿಟ್ ಕಾರ್ಡ್ ತೆಗೀಬೇಕಾಗತ್ತೆ. ಹಾಗಾಗಿ ನೇರವಾಗಿ ಹೇಳ್ತೀನಿ, ಪಿಜಿ ಬಿಡೋದು ಒಳ್ಳೇ ಯೋಚನೆ, ನಿದ್ದೆ ಇಲ್ದೆ ಲ್ಯಾಬಲ್ಲಿ ಕೆಲ್ಸ ಮಾಡೋದು ಯಾರಿಗೂ ಒಳ್ಳೇದಲ್ಲ, ಆದ್ರೆ ಈ ಮನೆ ಈ ಸಂಬಳಕ್ಕೆ ಆಗಲ್ಲ.

ನಾನು ಯಾವಾಗ್ಲೂ ನೋಡೋದು ಎರಡೇ: ಅಡ್ವಾನ್ಸ್ ಕೊಟ್ಟು ಸಾಮಾನು ತಗೊಂಡ ಮೇಲೆ ಕೈಲಿ ಕನಿಷ್ಠ ಎರಡು ತಿಂಗಳ ಖರ್ಚು ಉಳಿಯತ್ತಾ, ಆಮೇಲೆ ಪ್ರತೀ ತಿಂಗಳು ಏನಾದ್ರೂ ಉಳಿಸೋಕೆ ಆಗತ್ತಾ. ಬಾಡಿಗೆ ಸಂಬಳದ ಮೂರನೇ ಒಂದು ಭಾಗ ಇರ್ಬೇಕು ಅಂತ ಹೇಳ್ತಾರಲ್ಲ, ಆ ಲೆಕ್ಕದಲ್ಲಿ ನಿಮ್ಮ 14,000 ಹತ್ರ ಹತ್ರ ಪಾಸ್ ಆಗ್ಬಿಡತ್ತೆ, ಯಾಕಂದ್ರೆ ಆ ಲೆಕ್ಕಕ್ಕೆ ಊರಿಗೆ ಕಳ್ಸೋ ದುಡ್ಡೂ ಗೊತ್ತಿಲ್ಲ ಲೋನೂ ಗೊತ್ತಿಲ್ಲ.

ಈಗ ಅಡ್ವಾನ್ಸ್ ವಿಷ್ಯಕ್ಕೆ ಬರೋಣ. ಬೆಂಗಳೂರಲ್ಲಿ ಹತ್ತು ತಿಂಗಳು ಕೊಡ್ಲೇಬೇಕು, ಅದೇ ರೂಲ್ಸ್ ಅನ್ನೋದು ಸುಳ್ಳು, ಅದು ಬರೀ ಊರಿನ ರೂಢಿ. ಇನ್ನೊಂದು ಕಡೆ, ಕಾನೂನು ಪ್ರಕಾರ ಎರಡೇ ತಿಂಗಳು ತಗೋಬೇಕು ಅಂತ ವಾಟ್ಸಾಪಲ್ಲಿ ಓಡಾಡತ್ತಲ್ಲ, ಅದೂ ಪೂರ್ತಿ ನಿಜ ಅಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ಅಂತ ತಂತು, ಅದ್ರಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಇದೆ, ಆದ್ರೆ ಅದು ಹೆಸರೇ ಹೇಳೋ ಹಾಗೆ ಮಾದರಿ, ರಾಜ್ಯ ಅದನ್ನ ತನ್ನ ಕಾನೂನಾಗಿ ಮಾಡ್ಕೊಳ್ಳದೇ ತಾನಾಗೇ ಜಾರಿ ಆಗಲ್ಲ. ನಮ್ಮದೇ ಕರ್ನಾಟಕ ಬಾಡಿಗೆ ಕಾಯ್ದೆ 1999 ಇದ್ಯಲ್ಲಾ ಅಂತೀರಾ, ಅದು ಬೆಂಗಳೂರಲ್ಲಿ ತಿಂಗಳಿಗೆ 3,500ಕ್ಕಿಂತ ಜಾಸ್ತಿ ಬಾಡಿಗೆ ಇರೋ ಮನೆಗಳಿಗೆ ಅನ್ವಯನೇ ಆಗಲ್ಲ. ಈ ಕಾಲದಲ್ಲಿ 3,500ಕ್ಕೆ ಬೈಕ್ ನಿಲ್ಸೋ ಜಾಗನೂ ಕಷ್ಟ. ಅಂದ್ರೆ ನಿಮ್ಮನ್ನ ಕಾಯೋದು ಮುಖ್ಯವಾಗಿ ನಿಮ್ಮ ಅಗ್ರಿಮೆಂಟ್, ಅದ್ರ ಹಿಂದೆ 1882ರ ಆಸ್ತಿ ವರ್ಗಾವಣೆ ಕಾಯ್ದೆ.

ಹಾಗಾಗಿ ಚೌಕಾಸಿ ಮಾಡ್ಬೇಕು, ಆದ್ರೆ ಜನ ಚೌಕಾಸಿ ಮಾಡೋದು ತಪ್ಪು ಜಾಗದಲ್ಲಿ. ಬಾಡಿಗೇಲಿ 500 ಕಮ್ಮಿ ಮಾಡಿ ಸಾರ್ ಅಂತ ಅರ್ಧ ಗಂಟೆ ಕೇಳ್ತಾರೆ, ಅಡ್ವಾನ್ಸ್ ಬಗ್ಗೆ ಬಾಯೇ ಬಿಡಲ್ಲ. ಲೆಕ್ಕ ಹಾಕಿ: 50,000 ನಿಮ್ಮ ಹತ್ರನೇ ಎಫ್‌ಡಿಲಿ ಇದ್ರೆ 6.5 ಪರ್ಸೆಂಟ್ ಅಂದ್ರೂ ವರ್ಷಕ್ಕೆ 3,250 ಬಡ್ಡಿ. ಅದೇ 50,000 ಇಲ್ದೆ 15 ಪರ್ಸೆಂಟಿಗೆ ಸಾಲ ಮಾಡಿದ್ರೆ ವರ್ಷಕ್ಕೆ 7,500. ಅಡ್ವಾನ್ಸಲ್ಲಿ 50,000 ಕಮ್ಮಿ ಮಾಡಿ, ಬೇಕಾದ್ರೆ ಬಾಡಿಗೆ 500 ಜಾಸ್ತಿ ತಗೊಳ್ಳಿ ಅಂತ ಓನರ್‌ಗೆ ಹೇಳಿದ್ರೆ ನಿಮಗೆ ವರ್ಷಕ್ಕೆ 6,000 ಹೋಗತ್ತೆ. ಕೈಲಿ ದುಡ್ಡು ಧಾರಾಳ ಇರೋರಿಗೆ ಇದು ನಷ್ಟ, ಸಾಲ ಮಾಡ್ಬೇಕಾದ ಪರಿಸ್ಥಿತೀಲಿ ಇರೋ ನಿಮ್ಗೆ ಲಾಭ, ಜೊತೆಗೆ ಹೊರಡೋವಾಗ ಓನರ್ ಹತ್ರ ಸಿಕ್ಕಿಹಾಕ್ಕೊಳ್ಳೋ ದುಡ್ಡೂ ಕಮ್ಮಿ. ಈಗ ಐದಾರು ತಿಂಗಳಿಗೆ ಒಪ್ಪೋರು ತುಂಬಾ ಜನ ಇದಾರೆ. ಆಷಾಢದಲ್ಲಿ ಮನೆ ಹುಡ್ಕಿ ಅಂತ ನಾನು ನಗ್ತಾ ಹೇಳ್ತೀನಿ, ಆದ್ರೆ ಅದ್ರಲ್ಲಿ ಸತ್ಯ ಇದೆ, ಆ ತಿಂಗಳು ಯಾರೂ ಹಾಲು ಉಕ್ಕಿಸಲ್ಲ, ಮನೆ ಖಾಲಿ ಬಿದ್ದಿರತ್ತೆ, ಓನರ್ ಮಾತಿಗೆ ಬಗ್ತಾರೆ. ಅಮ್ಮ ಒಪ್ಪಲ್ಲ ಅಂದ್ರೆ ಆಷಾಢದಲ್ಲಿ ಮಾತಾಡಿ ಅಗ್ರಿಮೆಂಟ್ ಮಾಡ್ಕೊಳ್ಳಿ, ಶ್ರಾವಣದಲ್ಲಿ ಹಾಲು ಉಕ್ಕಿಸಿ. ಮೇ ಜೂನಲ್ಲಿ ಮಾತ್ರ ಸ್ಕೂಲ್ ಶುರುವಾಗೋ ಟೈಮು, ಕೇಳಿದ್ದೇ ರೇಟು.

ಸೋದರಮಾವನ ಲೀಸ್ ಸಲಹೆ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಅವರು ನಿಮ್ಮ ಮೇಲಿನ ಪ್ರೀತಿಯಿಂದ್ಲೇ ಹೇಳಿದಾರೆ ಮತ್ತು ಬರೀ ಕೂಡೋ ಕಳೆಯೋ ಲೆಕ್ಕದಲ್ಲಿ ಅವರೇ ಸರಿ. 4 ಲಕ್ಷ ಪರ್ಸನಲ್ ಲೋನ್ 14 ಪರ್ಸೆಂಟಿಗೆ ನಾಲ್ಕು ವರ್ಷಕ್ಕೆ ತಗೊಂಡ್ರೆ ಇಎಂಐ ಸುಮಾರು 10,900, ಮೊದಲ ವರ್ಷದ ಬಡ್ಡಿ ಸುಮಾರು 51,000. ಬಾಡಿಗೆ ಕಟ್ಟಿದ್ರೆ ವರ್ಷಕ್ಕೆ 1,68,000 ಹೋಗತ್ತೆ, ಲೀಸಲ್ಲಿ ಬರೀ ಆ ಬಡ್ಡಿ, ಅಸಲು ಕೊನೇಲಿ ವಾಪಸ್. ನೋಡೋಕೆ ಚೆನ್ನಾಗಿದೆ ಅಲ್ವಾ, ಅದಕ್ಕೇ ಇಷ್ಟು ಜನ ಹೋಗ್ತಾರೆ. ಪ್ರಶ್ನೆ ಏನಂದ್ರೆ ಆ 9 ಲಕ್ಷ ವಾಪಸ್ ಬರತ್ತಾ ಅನ್ನೋದು. ಓನರ್ ನಿಮ್ಮ 9 ಲಕ್ಷನ ಬೀರೂಲಿ ಇಟ್ಕೊಂಡಿರಲ್ಲ, ಮಗಳ ಮದ್ವೆಗೋ ಹಳೇ ಸಾಲಕ್ಕೋ ಮೇಲಿನ ಫ್ಲೋರ್ ಕಟ್ಟೋಕೋ ಹಾಕ್ಬಿಟ್ಟಿರ್ತಾರೆ, ನೀವು ಬಿಡೋವಾಗ ಮುಂದಿನ ಲೀಸಿನವರು ಸಿಕ್ಕಿದ್ರೆ ಮಾತ್ರ ನಿಮ್ಗೆ ದುಡ್ಡು. ಆ ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಅವ್ರು ಕಟ್ಟದೇ ಹೋದ್ರೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕ್ ಮನೇನ ಸ್ವಾಧೀನಕ್ಕೆ ತಗೊಳ್ಳಬಹುದು, ಆಗ ಸ್ಟಾಂಪ್ ಪೇಪರ್ ಮೇಲೆ ಬರೆದ, ರಿಜಿಸ್ಟರ್ ಆಗ್ದೇ ಇರೋ ನಿಮ್ಮ ಲೀಸ್ ಪತ್ರ ಬ್ಯಾಂಕ್ ಮುಂದೆ ನಿಲ್ಲೋದು ಕಷ್ಟ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಆಗ್ಲೇಬೇಕು, ಎರಡು ಮೂರು ವರ್ಷದ ಲೀಸ್ ಪತ್ರನ ನೋಟರಿ ಹತ್ರ ಸೀಲ್ ಹಾಕಿಸ್ಕೊಂಡು ಎಲ್ಲಾ ಆಯ್ತು ಅಂತ ಬರ್ತಾರೆ, ನೋಟರಿ ಸೀಲ್ ಬಿದ್ರೆ ರಿಜಿಸ್ಟರ್ ಆದ ಹಾಗಲ್ಲ.

ಇದಕ್ಕಿಂತ ಕೆಟ್ಟದ್ದು ಮಧ್ಯದವರ ಆಟ. ಓನರ್ ಹತ್ರ ತಿಂಗಳ ಬಾಡಿಗೆಗೆ ಅಂತ ಮನೆ ತಗೊಂಡು, ಅದನ್ನೇ ನಿಮ್ಗೆ ಲೀಸಿಗೆ ಕೊಟ್ಟು, ನಿಮ್ಮ ಲಕ್ಷಗಳಲ್ಲಿ ಕೆಲವು ತಿಂಗಳು ಓನರ್‌ಗೆ ಬಾಡಿಗೆ ಕಟ್ಟಿ ಆಮೇಲೆ ಮಾಯ ಆಗೋರು. ಒಂದಿನ ಓನರ್ ಬಂದು ಬಾಡಿಗೆ ಎಲ್ಲಮ್ಮಾ ಅಂತಾರೆ, ನೀವು ಲೀಸ್ ಪತ್ರ ತೋರಿಸ್ತೀರಿ, ಇಬ್ರೂ ಪೊಲೀಸ್ ಸ್ಟೇಷನ್ನಲ್ಲಿ. ಇಂಥವ್ರು ನನ್ನ ಹತ್ರ ಬಂದಾಗ ನಾನು ಮಾಡೋಕಾಗೋದು ಹೆಚ್ಚೇನಿರಲ್ಲ, ವಕೀಲರ ನಂಬರ್ ಕೊಟ್ಟು ಕಳಿಸ್ತೀನಿ. ಲೀಸ್ ಮಾಡ್ಲೇಬೇಕು ಅಂದ್ರೆ ದುಡ್ಡು ಸೀದಾ ಓನರ್ ಅಕೌಂಟಿಗೇ ಹೋಗ್ಬೇಕು, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ ಇಸಿ (ಆಸ್ತಿ ಮೇಲೆ ಏನೇನು ವ್ಯವಹಾರ, ಸಾಲ ನೋಂದಣಿ ಆಗಿದೆ ಅನ್ನೋ ಋಣಭಾರ ಪತ್ರ) ತೆಗೆಸ್ಬೇಕು, ಆಸ್ತಿ ತೆರಿಗೆ ರಸೀದಿಲಿ ಯಾರ ಹೆಸರಿದೆ ನೋಡ್ಬೇಕು, ಪತ್ರ ರಿಜಿಸ್ಟರ್ ಆಗ್ಬೇಕು. ಇಸಿಲಿ ಎಲ್ಲಾ ಸಾಲನೂ ಕಾಣ್ಸಲ್ಲ ಅನ್ನೋದೂ ನೆನಪಿರ್ಲಿ. ನಿಮ್ಮ ಕೇಸಲ್ಲಂತೂ ಅದ್ರಲ್ಲಿ 4 ಲಕ್ಷ ಸಾಲದ ದುಡ್ಡು, 5 ಲಕ್ಷ ಮಾವನ ದುಡ್ಡು, ನಿಮ್ಮದು ಒಂದು ರೂಪಾಯಿನೂ ಇಲ್ಲ. ಸಂಬಂಧ ಚೆನ್ನಾಗಿರ್ಬೇಕು ಅಂದ್ರೆ ಮಾವಂಗೆ ಬೇಡ ಅಂತ ಹೇಳಿ. ಅವರು ಸಹಾಯ ಮಾಡ್ಲೇಬೇಕು ಅಂತಿದ್ರೆ ಒಂದು 30,000 ಕೈಗಡ ಕೇಳಿ, ಆರು ತಿಂಗಳಲ್ಲಿ ತೀರಿಸೋ ಥರ.

ಅಮ್ಮನ ಭಯಕ್ಕೆ ಬರೋಣ. ಒಂಟಿ ಹುಡ್ಗಿಗೆ ಮನೆ ಕೊಡಲ್ಲ ಅನ್ನೋದು ಅರ್ಧ ನಿಜ. ಯಾವ ಜನ, ಮದ್ವೆ ಯಾವಾಗ, ನಾನ್‌ವೆಜ್ ತಿಂತೀರಾ, ಎಲ್ಲಾ ಕೇಳ್ತಾರೆ, ಬೇಜಾರಾಗತ್ತೆ. ಆದ್ರೆ ಓನರ್ ಮೇಲ್ಗಡೆ ಇದ್ದು ಕೆಳಗಿನ ಪೋರ್ಷನ್ ಬಾಡಿಗೆ ಕೊಡೋ ಕಡೆ ಕೆಲ್ಸಕ್ಕೆ ಹೋಗೋ ಹೆಣ್ಮಕ್ಕಳೇ ಬೇಕು ಅನ್ನೋರೂ ಇದಾರೆ, ಗಲಾಟೆ ಕಮ್ಮಿ ಬಾಡಿಗೆ ಸರಿಯಾಗಿ ಬರತ್ತೆ ಅಂತ. ಅಂಥ ಕಡೆ ಬೇರೆ ಸಮಸ್ಯೆ, ರಾತ್ರಿ ಹತ್ತಕ್ಕೆ ಗೇಟ್ ಬೀಗ. ನಿಮ್ಗೆ ನೈಟ್ ಶಿಫ್ಟ್ ಇದೆ, ಅದನ್ನ ಮೊದಲನೇ ಭೇಟೀಲೇ ಹೇಳಿ, ಗೇಟಿನ ಒಂದು ಕೀ ನನ್ಗೆ ಬೇಕು ಅಂತ ಕೇಳಿ, ಅಪ್ಪ ಅಮ್ಮ ತಮ್ಮ ಬಂದು ಉಳಿಯಬಹುದಾ ಅಂತನೂ ಕೇಳಿ. ಆಗಲೇ ಮುಖ ಗಂಟಿಕ್ಕಿದ್ರೆ ಬೇರೆ ಮನೆ ನೋಡಿ.

ಅರ್ಧ ರಾತ್ರಿಲಿ ಹೊರಗೆ ಹಾಕೋ ಮಾತು. ಹನ್ನೊಂದು ತಿಂಗಳ ಅಗ್ರಿಮೆಂಟ್ ಯಾಕೆ ಅಂದ್ರೆ, ಒಂದು ವರ್ಷ ಮೀರಿದ್ರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡ್ಬೇಕಾಗತ್ತೆ, ಆ ಓಡಾಟ ಖರ್ಚು ಬೇಡ ಅಂತ, ಬೇರೆ ಏನೂ ಗುಟ್ಟಿಲ್ಲ. ಹನ್ನೊಂದು ತಿಂಗಳು ಮುಗಿದ ತಕ್ಷಣ ಸಾಮಾನು ಬೀದಿಗೆ ಹಾಕೋ ಹಕ್ಕು ಯಾರಿಗೂ ಬರಲ್ಲ. ಬಲವಂತವಾಗಿ ಹೊರಗೆ ಹಾಕಿದ್ರೆ, ಬೀಗ ಜಡಿದ್ರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳ ಒಳಗೆ ಕೋರ್ಟಿಗೆ ಹೋಗಬಹುದು. ಓನರ್ ಖಾಲಿ ಮಾಡಿಸ್ಬೇಕು ಅಂದ್ರೂ ನೋಟಿಸ್ ಕೊಟ್ಟು, ನೀವು ಒಪ್ಪದಿದ್ರೆ ಕೋರ್ಟ್ ಮೂಲಕವೇ ಮಾಡಿಸ್ಬೇಕು. ನೋಟಿಸ್ ಎಷ್ಟು ದಿನ ಅಂತ ಅಗ್ರಿಮೆಂಟಲ್ಲಿ ಬರೀದೇ ಇದ್ರೆ ತಿಂಗಳ ಬಾಡಿಗೆಗೆ ಕಾನೂನಲ್ಲಿರೋದು ಬರೀ 15 ದಿನ, ಅದಕ್ಕೇ ಎರಡೂ ಕಡೆಗೂ ಒಂದೊಂದು ತಿಂಗಳು ಅಥ್ವಾ ಎರಡೆರಡು ತಿಂಗಳು ಅಂತ ಬರೆಸಿ. ಓನರ್‌ಗೆ ಒಂದು ತಿಂಗಳು ಬಾಡಿಗೆಯವರಿಗೆ ಮೂರು ತಿಂಗಳು ಅಂತ ಟೈಪ್ ಮಾಡಿಟ್ಟಿರೋ ರೆಡಿ ಅಗ್ರಿಮೆಂಟುಗಳು ತುಂಬಾ ಓಡಾಡ್ತವೆ, ಓದದೇ ಸೈನ್ ಹಾಕ್ಬೇಡಿ.

ನಿಜವಾದ ಜಗಳ ಆಗೋದು ಖಾಲಿ ಮಾಡೋ ದಿನ, ಅಡ್ವಾನ್ಸ್ ವಾಪಸ್ ಕೊಡೋವಾಗ. ಪೇಂಟಿಂಗ್ ಚಾರ್ಜ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ಇಲ್ಲಿ ರೂಢಿ, ಕಾನೂನೇನಲ್ಲ, ಅಗ್ರಿಮೆಂಟಲ್ಲಿ ಇದ್ರೆ ಮಾತ್ರ ಅದಕ್ಕೆ ಬಲ. ವಾಸ ಮಾಡ್ತಾ ಮಾಡ್ತಾ ಸಹಜವಾಗಿ ಸವೆಯೋದಕ್ಕೆ ಬಾಡಿಗೆಯವರು ಹೊಣೆ ಅಲ್ಲ ಅಂತ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ, ಆದ್ರೆ ನೀವೇ ಬೇರೆ ಥರ ಬರ್ಕೊಟ್ಟಿದ್ರೆ ಅದೇ ನಡಿಯತ್ತೆ. ಎರಡು ವರ್ಷಕ್ಕಿಂತ ಜಾಸ್ತಿ ಇದ್ರೆ ಪೇಂಟಿಂಗ್ ಇಲ್ಲ ಅಂತ ಬರೆಸೋಕೆ ಕೇಳಿ, ಆಗಲ್ಲ ಅಂದ್ರೆ ಇಷ್ಟು ರೂಪಾಯಿ ಮೀರಬಾರ್ದು ಅಂತ ಬರೆಸಿ. ಬೀಗದ ಕೈ ಕೊಟ್ಟ ದಿನವೇ ಅಡ್ವಾನ್ಸ್ ವಾಪಸ್ ಅನ್ನೋ ಸಾಲು ಇರ್ಲಿ, ಹೊಸಬರು ಬಂದ್ಮೇಲೆ ಕೊಡ್ತೀನಿ ಅನ್ನೋ ಮಾತಿಗೆ ಜಾಗ ಇರಬಾರ್ದು. ಕೊನೇ ತಿಂಗಳ ಬಾಡಿಗೆ ಅಡ್ವಾನ್ಸಲ್ಲಿ ಮುರ್ಕೊಳ್ಳಬಹುದು ಅಂತ ಬರೆಸ್ಕೊಂಡ್ರೆ ಇನ್ನೂ ಒಳ್ಳೇದು. ಬರೆಸದೇ ನೀವಾಗೇ ಮುರ್ಕೊಂಡ್ರೆ ಮಾತ್ರ ಓನರ್‌ಗೆ ಜಗಳಕ್ಕೆ ಕಾರಣ ಸಿಗತ್ತೆ.

ಒಳಗೆ ಹೋಗೋ ದಿನ ಸಾಮಾನು ಇಳಿಸೋಕ್ ಮುಂಚೆ ಇಡೀ ಮನೆ ವಿಡಿಯೋ ಮಾಡಿ, ಬಚ್ಚಲಿನ ಒಡೆದ ಟೈಲ್ಸು, ಅಡುಗೆಮನೆ ಕಬೋರ್ಡಿನ ಸಡಿಲ ಬಾಗಿಲು, ಮೀಟರ್ ರೀಡಿಂಗ್ ಎಲ್ಲಾ, ಅವತ್ತೇ ಓನರ್‌ಗೆ ವಾಟ್ಸಾಪ್ ಮಾಡಿ. ಇದೊಂದು ಮಾಡಿದವರು ಅಡ್ವಾನ್ಸ್ ವಿಷ್ಯಕ್ಕೆ ನನ್ನ ಹತ್ರ ಬರೋದು ಬಹಳ ಕಮ್ಮಿ.

ಹಾಗಾದ್ರೆ ಎಲ್ಲಿಗೆ ಹೋಗೋದು? ಒಂದು, ಚಿಕ್ಕ ಮನೆ, ಒಂದು ರೂಮು ಅಡುಗೆಮನೆ ಬಚ್ಚಲು ಇರೋ ಥರದ್ದು, 9,500 ಆಸುಪಾಸು. ಕಾಮಾಕ್ಷಿಪಾಳ್ಯ, ಮೂಡಲಪಾಳ್ಯ, ಲಗ್ಗೆರೆ ಕಡೆ ಒಳ ರಸ್ತೆಗಳಲ್ಲಿ ನಡ್ಕೊಂಡೇ ಹುಡುಕಿದ್ರೆ ಗೇಟಿಗೆ ಕಟ್ಟಿರೋ ಟು-ಲೆಟ್ ಬೋರ್ಡು ಕಾಣತ್ತೆ, ಅಂಥವು ಆನ್‌ಲೈನಿಗೆ ಬರೋದೇ ಇಲ್ಲ, ಬ್ರೋಕರ್ ದುಡ್ಡೂ ಉಳಿಯತ್ತೆ. ಐದು ತಿಂಗಳ ಅಡ್ವಾನ್ಸ್ 47,500, ಬಾಡಿಗೆ 9,500, ಸಾಗಾಣಿಕೆ 3,000, ಸಾಮಾನು 20,000, ಒಟ್ಟು 80,000. ಕೈಲಿ 60,000 ಉಳಿಯತ್ತೆ, ಊರಿಗೆ ಕಳ್ಸೋದು ಬಿಟ್ಟು ಲೆಕ್ಕ ಹಾಕಿದ್ರೆ ಎರಡು ತಿಂಗಳ ಖರ್ಚು. ತಿಂಗಳ ಖರ್ಚು 17,000 ಆಸುಪಾಸಲ್ಲಿ ನಿಲ್ಲತ್ತೆ, ಉಳಿತಾಯ 5,000ದ ಮೇಲೆ. ಅಂದ್ರೆ ಇದನ್ನ ನೀವು ಕಾಯದೇ ಈಗಲೇ ಮಾಡಬಹುದು. ತೊಂದ್ರೆ ಏನಂದ್ರೆ ಇಂಥ ಮನೆಗಳಲ್ಲಿ ಗಾಳಿ ಬೆಳಕು ಕಮ್ಮಿ, ಹಗಲು ನಿದ್ದೆ ಮಾಡೋರಿಗೆ ರಸ್ತೆ ಶಬ್ದ ಕಿರಿಕಿರಿ, ಹಾಗಾಗಿ ಹಿಂದಿನ ಪೋರ್ಷನ್ ಸಿಗತ್ತಾ ನೋಡಿ.

ಎರಡು, ಲ್ಯಾಬಿನ ಸಹೋದ್ಯೋಗಿ ಜೊತೆ 2 ಬಿಎಚ್‌ಕೆ, 22,000 ಬಾಡಿಗೆ, ತಲಾ 11,000. ತಿಂಗಳ ಖರ್ಚು ಇದ್ರಲ್ಲೂ 17,000 ಹತ್ರನೇ, ಆದ್ರೆ ನಿಮ್ಮದೇ ರೂಮು ನಿಮ್ಮದೇ ಬಾಗ್ಲು, ಮನೆನೂ ಚೆನ್ನಾಗಿರತ್ತೆ. ಅಪಾಯ ಒಂದೇ, ಅವ್ಳು ಮದ್ವೆ ಆಗಿ ಹೋದ್ರೆ ಪೂರ್ತಿ ಬಾಡಿಗೆ ನಿಮ್ಮ ತಲೆ ಮೇಲೆ. ಇಬ್ಬರ ಹೆಸರೂ ಅಗ್ರಿಮೆಂಟಲ್ಲಿ ಇರ್ಬೇಕು, ಬಿಡೋರು ಎರಡು ತಿಂಗಳು ಮುಂಚೆ ಹೇಳ್ಬೇಕು, ಬಿಟ್ಟವರ ಅಡ್ವಾನ್ಸ್ ಪಾಲನ್ನ ಬರೋ ಹೊಸಬರು ಕೊಡ್ಬೇಕು ಅಂತ ನೀವಿಬ್ರೇ ಒಂದು ಹಾಳೇಲಿ ಬರ್ಕೊಳ್ಳಿ. ಫ್ರೆಂಡ್ ಹತ್ರ ಏನ್ ಬರೆಸ್ಕೊಳ್ಳೋದು ಅಂತ ನಾಚ್ಕೋಬೇಡಿ.

ಮೂರು, ಆ 1 ಬಿಎಚ್‌ಕೆನೇ ಬೇಕು ಅಂತ ಮನಸ್ಸಿದ್ರೆ ನಾಲ್ಕು ತಿಂಗಳು ಕಾಯಿರಿ. ಪಿಜಿಲೇ ಇದ್ದು ತಿಂಗಳಿಗೆ 12,000ದ ಹಾಗೆ 48,000 ಸೇರಿಸಿದ್ರೆ 1,88,000. ಅಡ್ವಾನ್ಸ್ ಐದು ತಿಂಗಳಿಗೆ ಇಳಿಸಿದ್ರೆ ಬ್ರೋಕರ್ ಸೇರಿ ಒಳಗೆ ಹೋಗೋಕೆ 1,21,000, ಕೈಲಿ 67,000 ಉಳಿಯತ್ತೆ. ಆದ್ರೆ ತಿಂಗಳಿಗೆ 500 ಉಳಿಯೋ ಸಮಸ್ಯೆ ಇದ್ರಿಂದ ತೀರಲ್ಲ, ಸಂಬಳ ಒಂದೈದು ಸಾವಿರ ಜಾಸ್ತಿ ಆಗ್ಬೇಕು ಅಥ್ವಾ ಲೋನ್ ಮುಗೀಬೇಕು. ನನ್ನ ಅಭಿಪ್ರಾಯ ಕೇಳಿದ್ರೆ ಎರಡನೇದು, ಜೊತೆಗೆ ಇರೋಕೆ ಒಳ್ಳೇವ್ರು ಸಿಗದಿದ್ರೆ ಮೊದಲನೇದು.

ಮನೆ ನೋಡೋವಾಗ ಒಂದ್ಸಲ ಹಗಲು ಒಂದ್ಸಲ ರಾತ್ರಿ ಹೋಗಿ. ಎಲ್ಲಕ್ಕಿಂತ ಮೊದ್ಲು ನೀರು. 2024ರ ಬೇಸಿಗೆ ನೋಡಿದವ್ರಿಗೆ ಹೇಳೋದೇ ಬೇಡ, ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಜಿಲ್ಲಾಡಳಿತವೇ ರೇಟ್ ಫಿಕ್ಸ್ ಮಾಡ್ಬೇಕಾಯ್ತು. ಕಾವೇರಿ ಕನೆಕ್ಷನ್ ಇದ್ಯಾ, ವಾರದಲ್ಲಿ ಎಷ್ಟು ದಿನ ಬರತ್ತೆ, ಟ್ಯಾಂಕರ್ ತರಿಸಿದ್ರೆ ಯಾರು ಕೊಡೋದು, ಇದನ್ನ ಓನರ್‌ನ ಕೇಳೋದಕ್ಕಿಂತ ಪಕ್ಕದ ಮನೆಯವ್ರನ್ನ ಕೇಳಿ. ನಲ್ಲಿ ಮೇಲೆ ಬಿಳಿ ಬಿಳಿ ಕಲೆ ಕಟ್ಟಿದ್ರೆ ಬೋರ್ ನೀರು ಗಡುಸು, ಕೂದಲು ಬಟ್ಟೆ ಎರಡಕ್ಕೂ ಕಷ್ಟ. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ರೆ ಮುಟ್ಟಿ ನೋಡಿ, ಮಳೆಗಾಲದ ತೇವ ಮುಚ್ಚಿರ್ತಾರೆ. ಅಡುಗೆಮನೇಲಿ ದೊಡ್ಡ ಪಿನ್ನಿನ 16 ಆಂಪ್ ಸಾಕೆಟ್ ಇದ್ಯಾ, ಬಚ್ಚಲಿಗೆ ಗೀಸರ್ರೋ ಸೋಲಾರೋ, ಮೊಬೈಲ್ ಸಿಗ್ನಲ್ ಒಳಗೆ ಸಿಗತ್ತಾ ನೋಡ್ಕೊಳ್ಳಿ.

ಕರೆಂಟ್ ಬಗ್ಗೆ ಒಂದು ಮಾತು. ಗೃಹಜ್ಯೋತಿ ಬಾಡಿಗೆಯವರಿಗೂ ಸಿಗತ್ತೆ, ಮನೆಗೆ ಬೇರೆ ಮೀಟರ್ ಅಂದ್ರೆ ಬೇರೆ ಆರ್‌ಆರ್ ನಂಬರ್ ಇರ್ಬೇಕು, ಅದಕ್ಕೆ ನಿಮ್ಮ ಆಧಾರ್ ಲಿಂಕ್ ಆಗ್ಬೇಕು. ಹಳೇ ಬಾಡಿಗೆಯವ್ರು ಡಿ-ಲಿಂಕ್ ಮಾಡದೇ ಹೋಗಿದ್ರೆ ನಿಮ್ದು ಆಗಲ್ಲ, ಹಾಗಾಗಿ ಅಡ್ವಾನ್ಸ್ ಕೊಡೋಕ್ ಮುಂಚೆನೇ ಓನರ್ ಹತ್ರ ಇದನ್ನ ಮಾಡಿಸ್ಕೊಳ್ಳಿ. 200 ಯೂನಿಟ್ ಎಲ್ಲಾರಿಗೂ ಫ್ರೀ ಅನ್ಕೊಂಡಿರ್ತಾರೆ, ಹಾಗಿಲ್ಲ, ಹೊಸದಾಗಿ ಬಂದವರಿಗೆ ಸ್ಕೀಮ್ ಶುರುವಾದಾಗ ಇಟ್ಟ ಲೆಕ್ಕ ರಾಜ್ಯದ ಸರಾಸರಿ 53 ಯೂನಿಟ್ ಮೇಲೆ 10 ಪರ್ಸೆಂಟ್, ಅಂದ್ರೆ 58 ಯೂನಿಟ್ಟು, ಅದ್ರ ಮೇಲೆ 200ರ ತನಕ ಬಳಸಿದ್ದಕ್ಕೆ ಮಾತ್ರ ಬಿಲ್ಲು, 200 ದಾಟಿದ್ರೆ ಪೂರ್ತಿ ಬಿಲ್ಲು. ಸಬ್ ಮೀಟರ್ ಹಾಕಿ ಓನರ್ ತಾನೇ ಯೂನಿಟಿಗೆ ಇಷ್ಟು ಅಂತ ವಸೂಲಿ ಮಾಡೋ ಕಡೆ ಇದ್ಯಾವ್ದೂ ನಿಮ್ಗೆ ಸಿಗಲ್ಲ.

ಇನ್ನು ಸಾಮಾನು. ನಿಮ್ಮ ಫ್ರೆಂಡ್ ಹೇಳಿದ ನೋ ಕಾಸ್ಟ್ ಇಎಂಐಲಿ ಬ್ಯಾಂಕ್ ಬಡ್ಡಿ ಹಾಕತ್ತೆ, ಅಂಗಡಿಯವ್ರು ಅಷ್ಟೇ ಮೊತ್ತನ ಡಿಸ್ಕೌಂಟ್ ಅಂತ ತೋರಿಸ್ತಾರೆ. ಕ್ರೆಡಿಟ್ ಕಾರ್ಡಲ್ಲಿ ಆ ಬಡ್ಡಿ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಬಹಳ ಕಡೆ ಪ್ರೊಸೆಸಿಂಗ್ ಫೀ ನಿಮ್ಮ ಮೇಲೇ ಬೀಳತ್ತೆ, ಇಡೀ ದುಡ್ಡು ಕೊಟ್ರೆ ಸಿಗ್ತಿದ್ದ ಡಿಸ್ಕೌಂಟೂ ಹೋಗತ್ತೆ. ಮೊತ್ತ ದೊಡ್ಡದಲ್ಲ, ನಿಜವಾದ ತೊಂದ್ರೆ ಬೇರೆ: ಫ್ರಿಜ್ಜಿಗೆ 1,500, ವಾಷಿಂಗ್ ಮಷೀನಿಗೆ 1,800, ಮಂಚಕ್ಕೆ 1,200, ಒಂದೊಂದೂ ಚಿಕ್ಕದು, ಕೂಡಿದ್ರೆ 4,500, ಅಂದ್ರೆ ನಿಮ್ಮ ತಲೆ ಮೇಲೆ ಇನ್ನೊಂದು ಎಜುಕೇಶನ್ ಲೋನ್ ಬಂದ ಹಾಗೆ.

ಮೊದಲ ದಿನಕ್ಕೆ ಬೇಕಾಗಿರೋದು ಒಳ್ಳೇ ಹಾಸಿಗೆ, ಮಂಚ ಆಮೇಲೆ. ಹಾಸಿಗೇಲಿ ಮಾತ್ರ ಜುಗ್ಗತನ ಬೇಡ, ಸೆಕೆಂಡ್ ಹ್ಯಾಂಡ್ ಹಾಸಿಗೆ ತಗೋಬೇಡಿ, ತಿಗಣೆ ಬಂದ್ರೆ ಇಡೀ ಮನೆ ಹೋಯ್ತು. ಕಿಟಕಿಗೆ ದಪ್ಪ ಕರ್ಟನ್, ಹಗಲು ಮಲಗೋ ನಿಮ್ಗೆ ಅದು ಫ್ರಿಜ್ಜಿಗಿಂತ ಮುಖ್ಯ. ಬಾಗಿಲಿಗೆ ನಿಮ್ಮದೇ ಹೊಸ ಬೀಗ, ಒಳಗಡೆ ಗಟ್ಟಿ ಚಿಲಕ. ಒಂದು ಕುಕ್ಕರ್, ಬಾಣಲೆ, ನಾಲ್ಕು ಪಾತ್ರೆ, ಇದನ್ನೆಲ್ಲಾ ಅಮ್ಮನ ಅಟ್ಟದಿಂದ ತನ್ನಿ, ಯಾವ ಊರಲ್ಲೂ ಅಮ್ಮಂದಿರ ಅಟ್ಟ ಖಾಲಿ ಇರಲ್ಲ, ಉಳಿದಿದ್ದು ಚಿಕ್ಕಪೇಟೆ ಕಡೆ ಪಾತ್ರೆ ಅಂಗಡೀಲಿ ತಗೊಳ್ಳಿ. ವೈರು ಬಲ್ಬು ಎಕ್ಸ್‌ಟೆನ್ಶನ್ ಬಾಕ್ಸು ಎಸ್‌ಜೆಪಿ ರೋಡಲ್ಲಿ ಅಗ್ಗ. ಗ್ಯಾಸ್ ಕನೆಕ್ಷನ್ ಆಗೋ ತನಕ ಇಂಡಕ್ಷನ್ ಒಲೆ, ಇಲ್ಲಾಂದ್ರೆ 5 ಕೆಜಿ ಸಿಲಿಂಡರ್, ಅದಕ್ಕೆ ಅಡ್ರೆಸ್ ಪ್ರೂಫ್ ಕೇಳಲ್ಲ, ಐಡಿ ಕಾರ್ಡ್ ಸಾಕು. ಬೀದಿ ಅಂಗಡೀಲಿ ತುಂಬಿಸಿ ಕೊಡೋ ಕಂಪನಿ ಇಲ್ಲದ ಸಿಲಿಂಡರ್ ಮಾತ್ರ ಬೇಡವೇ ಬೇಡ. ಫ್ರಿಜ್ಜು ಎರಡು ತಿಂಗಳು ಬಿಟ್ಟು, ಸೆಕೆಂಡ್ ಹ್ಯಾಂಡಾದ್ರೆ ಮಾರೋರ ಮನೇಲೇ ಓಡ್ತಾ ಇರೋದನ್ನ ನೋಡಿ ತಗೊಳ್ಳಿ. ಫರ್ನಿಚರ್ ಬಾಡಿಗೆಗೆ ತಗೊಳ್ಳೋದು ಒಂದು ವರ್ಷಕ್ಕಿಂತ ಕಮ್ಮಿ ಇರೋರಿಗೆ ಸರಿ, ಮುಂದೆ ಹೋದ್ರೆ ಕೊಟ್ಟ ಬಾಡಿಗೇಲೇ ಹೊಸದು ಬಂದಿರತ್ತೆ.

ಉಳಿತಾಯದ ವಿಷ್ಯ ಬೇಗ ಮುಗಿಸ್ತೀನಿ. ಸಂಬಳ ಬಂದ ಮಾರನೇ ದಿನಕ್ಕೆ ಆರ್‌ಡಿ (ತಿಂಗಳು ತಿಂಗಳು ಕಟ್ಟೋ ಡಿಪಾಸಿಟ್) ಹಾಕಿ, ಎಮರ್ಜೆನ್ಸಿ ದುಡ್ಡು ಬೇರೆ ಅಕೌಂಟಲ್ಲಿ ಎಫ್‌ಡಿ ಆಗಿರ್ಲಿ, ಬ್ಯಾಂಕಿಗೆ ಏನಾದ್ರೂ ಆದ್ರೂ 5 ಲಕ್ಷದ ತನಕ ಇನ್ಶೂರೆನ್ಸ್ ಇದೆ. ಚೀಟಿ ಹಾಕೋ ಆಸೆ ಇದ್ರೆ 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ನೋಂದಣಿ ಆಗಿರೋ ಕಡೆ ಮಾತ್ರ ಹಾಕಿ, ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸತ್ತೆ, ಪಿಜಿ ಆಂಟಿ ನಡೆಸೋ ಚೀಟಿ ಬೇಡ. ಟ್ಯಾಕ್ಸ್ ಉಳಿಯತ್ತೆ ಅಂತ ಜಾಸ್ತಿ ಬಾಡಿಗೆ ಮನೆ ಹಿಡಿಯೋದೂ ಬೇಡ, ಹೊಸ ಟ್ಯಾಕ್ಸ್ ರೆಜೀಮಲ್ಲಿ ನಿಮ್ಮ ಸಂಬಳಕ್ಕೆ ಟ್ಯಾಕ್ಸೇ ಬರಲ್ಲ, ಅದ್ರಲ್ಲಿ ಎಚ್‌ಆರ್‌ಎ ಅಂದ್ರೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿನೂ ಇಲ್ಲ. ಕೆಲ್ಸಕ್ಕೆ ಓಡಾಡೋಕೆ ಬಿಎಂಟಿಸಿ ಆರ್ಡಿನರಿ ಬಸ್ ಶಕ್ತಿ ಯೋಜನೇಲಿ ಫ್ರೀ ಇದೆ, ಮನೆ ಹುಡುಕೋವಾಗ ಬಸ್‌ಸ್ಟಾಪ್ ಹತ್ರ ಇದ್ರೆ ಆ ಲೆಕ್ಕನೂ ಹಿಡೀರಿ, ಆದ್ರೆ ನೈಟ್ ಶಿಫ್ಟ್ ದಿನ ಆಟೋ ಬೇಕಾಗತ್ತೆ.

ಕೊನೇದಾಗಿ, ಆನ್‌ಲೈನಲ್ಲಿ ಫೋಟೋ ನೋಡಿ ಟೋಕನ್ ಅಡ್ವಾನ್ಸ್ ಕಳಿಸ್ಬೇಡಿ. ನಾನು ಮಿಲಿಟರಿಲಿದೀನಿ, ಊರಲ್ಲಿಲ್ಲ, ಗೇಟ್ ಪಾಸಿಗೆ 5,000 ಹಾಕಿ, ಕ್ಯೂಆರ್ ಸ್ಕ್ಯಾನ್ ಮಾಡಿ ಅನ್ನೋ ಫೋನ್ ಬಂದ್ರೆ ಕಟ್ ಮಾಡಿ, ಹಾಕ್ಬಿಟ್ಟಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ. ನಾಗರಭಾವಿ ಓನರ್‌ಗೆ ಇನ್ನೂ ಏನೂ ಕೊಟ್ಟಿಲ್ಲ ತಾನೇ? ಐದು ತಿಂಗಳಿಗೆ ಬರ್ತಾರಾ ಅಂತ ಒಂದ್ಸಲ ಕೇಳಿ ನೋಡಿ, ಅಷ್ಟರಲ್ಲಿ ಲ್ಯಾಬಲ್ಲಿ ಜೊತೆಗೆ ಬರೋರು ಯಾರಾದ್ರೂ ಇದಾರಾ ವಿಚಾರ್ಸಿ. ಹೊಸ ಮನೆ ಅಗ್ರಿಮೆಂಟ್ ಸೈನ್ ಆಗೋ ತನಕ ಪಿಜಿಗೆ ಬಿಡ್ತೀನಿ ಅಂತ ಹೇಳ್ಬೇಡಿ, ಆದ್ರೆ ಪಿಜಿ ಡಿಪಾಸಿಟ್ ವಾಪಸ್ ಬರೋಕೆ ಎಷ್ಟು ದಿನ ಮುಂಚೆ ಹೇಳ್ಬೇಕು ಅಂತ ಇವತ್ತೇ ಆ ರಸೀದಿ ತೆಗೆದು ನೋಡ್ಕೊಳ್ಳಿ, ಬಹಳ ಕಡೆ ಒಂದು ತಿಂಗಳು ಅಂತ ಇರತ್ತೆ.